ಹತ್ತು ಸುತ್ತು, ಜೋಡಿ ಹೋಳಿಗೆ

ಬೆಳಗ್ಗೆ ಅಡುಗೆಮನೆಯಿಂದ ಹೂರಣದ ವಾಸನೆ, ಪಡಸಾಲೆಯಿಂದ ನೋವಿನೆಣ್ಣೆಯ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಮಾಸ್ತರು ನೆನಪಾದರು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವಳು ನನ್ನ ಮೊಮ್ಮಗಳು. ಫುಟ್‌ಬಾಲ್ ಆಡಿ ಪಗಾರ ತರುತ್ತಾಳೆ ನೋಡಿರಿ! ಪಂದ್ಯಗಳ ನಡುವೆ ಹದಿನೈದು ದಿನ ರಜೆ ಸಿಕ್ಕಿತೆಂದು ಬನಹಟ್ಟಿಗೆ ಬಂದಿದ್ದಾಳೆ. ನಾಲ್ಕನೇ ಇಯತ್ತೆ ಕಲಿತ ನಾನು ಇದನ್ನು ಓಣಿಯ ತುಂಬ ಹೇಳಿ ಮುಗಿಸಿ, ಸಾಲದೆಂದು ಬರೆಯಲು ಕುಳಿತಿದ್ದೇನೆ.

ಒಂದು ಕಾಲಕ್ಕೆ ನನಗೂ ಇದೇ ಆಟಕ್ಕೆ ಪಗಾರವಿತ್ತು. ಸೀರೆ ವ್ಯಾಪಾರಿಯೊಬ್ಬರು ತಂಡ ಕಟ್ಟಿ, ನಮ್ಮನ್ನು ಮಗ್ಗದಿಂದ ಎಬ್ಬಿಸಿ ಮೈದಾನಕ್ಕೆ ಇಳಿಸಿದ್ದರು. ಆಟ ಕಲಿಸಲು ಮಾಸ್ತರು ಬಂದರು. ಕಡ್ಡಿಯಂಥ ಮೈ, ಕೊರಳಲ್ಲಿ ಸೀಟಿ... ಆ ವರ್ಷ ಅರ್ಧ ಪಂದ್ಯಗಳು ಮುಗಿದಾಗ ದೀಪಾವಳಿ ರಜೆ ಬಂತು.

"ರಜಾ ನಿಮಗ, ಕಾಲಿಗಲ್ಲ," ಎಂದರು ಮಾಸ್ತರು. "ತಿರುಗಿ ಬಂದ ದಿನ ಹತ್ತು ಸುತ್ತು ಓಡಬೇಕು. ನಡುವ ನಿಂತಾಂವ ಜಮಖಂಡಿ ಮ್ಯಾಚಿಗಿಲ್ಲ."

ಆ ಪಂದ್ಯಕ್ಕೆ ನನ್ನ ಮಾವ ನೆಂಟರನ್ನೆಲ್ಲ ಕಟ್ಟಿಕೊಂಡು ಬರುವವರಿದ್ದರು. ನಾನು ಆಡಲೇಬೇಕಿತ್ತು.

ಆದರೆ ಅದು ಮದುವೆಯಾದ ಮೊದಲ ದೀಪಾವಳಿ. ಅಳಿಯ ಮಾವನ ಊರು ಬೀಳಗಿಗೆ ಹೋಗದಿದ್ದರೆ ಆದೀತೇ? ಅಲ್ಲಿ ಅತ್ತೆ ನೀರಿನ ತಂಬಿಗೆಯನ್ನೂ ನನಗೆ ಎತ್ತಗೊಡಲಿಲ್ಲ. ಐದನೆಯ ದಿನ ಮಾಸ್ತರು ಬಸ್ ಇಳಿದು ನೇರ ಬಾಗಿಲಿಗೆ ಬಂದರು.

"ಏಳಲೇ, ಓಡೂಣು."

ಅತ್ತೆ ಗಾಬರಿಯಾದರು. "ಅಯ್ಯ, ಅಳಿಯ ಓಡಿದ್ರ ಮಂದಿ ಏನಂದಾರ್ರೀ? ಹೇಣ್ತೀನ ಬಿಟ್ಟ ಓಡಿಹೋಗಾಕತ್ತಾನ ಅಂತಾರ! ನೀವು ಮೊದಲ ಊಟಕ್ಕ ಬರ್ರಿ."

"ಅರ್ಧ ಹೋಳಿಗಿ ಸಾಕ್ರೀ ಅವ್ವಾರ."

"ಹಬ್ಬದಾಗ ಜೋಡಿ ಇಲ್ಲದ ಬಡಸೂದಿಲ್ರೀ!"

ಅಳಿಯನ ಗುರುವೆಂದರೆ ಅಳಿಯನಿಗಿಂತ ಒಂದು ತುತ್ತು ಹೆಚ್ಚು. ಓಡಿಸಲು ಬಂದವರು ನಾಲ್ಕು ದಿನ ಉಳಿದರು. ನಾವಿಬ್ಬರೂ ಓಡಿದ್ದು ತಾಟಿನಿಂದ ಹಾಸಿಗೆಯವರೆಗೆ...

ರಜೆ ಮುಗಿದ ಬೆಳಗ್ಗೆ ಎಂದಿನಂತೆ ಮಾಸ್ತರೇ ಮುಂದೆ ಓಡಿದರು. ನಾಲ್ಕನೆಯ ಸುತ್ತಿಗೆ ನನ್ನ ಉಸಿರು ಕುಲುಮೆಯ ತಿದಿಯಾಯಿತು. ಪಕ್ಕೆ ಹಿಡಿದು ನಿಂತೆ. ನೋಡಿದರೆ ಮಾಸ್ತರು ನನಗಿಂತ ಮೊದಲೇ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದಾರೆ!

"ನಮ್ಮ ಮಾವ ಬರತಾರ್ರೀ..." ಎಂದು ಕೈಮುಗಿದೆ.

"ನಿಂತಾವರಿಗೆ ಮ್ಯಾಚ್ ಇಲ್ಲ," ಎಂದರು ಏದುಸಿರಿನಲ್ಲೇ. "ನಿನಗೂ ಇಲ್ಲ, ನನಗೂ ಇಲ್ಲ."

ಪಂದ್ಯದ ದಿನ ಸೀಟಿಯನ್ನು ತಂಡದ ನಾಯಕನಿಗೆ ಒಪ್ಪಿಸಿ, ಗೆರೆಯ ಹೊರಗೆ ನನ್ನ ಪಕ್ಕದಲ್ಲಿ ಕುಳಿತರು. ನಾನು ಅತ್ತೆ ಕಳಿಸಿದ ಕರ್ಚಿಕಾಯಿ ಡಬ್ಬಿ ತೆರೆದೆ. "ಮುಚ್ಚಲೇ ಅದನ್ನ!" ಎಂದು ಗದರಿದರು. ತುಸು ಹೊತ್ತಿಗೆ... "ಒಂದ ತಾ ಇಲ್ಲೆ."

ನಾವಿಲ್ಲದೆಯೇ ತಂಡ ಗೆದ್ದಿತು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಮಾವ ಮಾತ್ರ ನೆಂಟರಿಗೆ, "ನಮ್ಮ ಅಳಿಯ ಭಾಳ ಮ್ಯಾಲ ಹೋಗ್ಯಾನ. ಮಾಸ್ತರ ಬಾಜೂಕ ಕೂತಾನ ನೋಡ್ರಿ!" ಎಂದರಂತೆ.

ಮಾಸ್ತರು ತೀರಿಹೋಗಿ ಎಷ್ಟೋ ವರ್ಷವಾಯಿತು. ಇಂದು ಮೊಮ್ಮಗಳು ಅದೇ ಮೈದಾನದಲ್ಲಿ ಹತ್ತು ಸುತ್ತನ್ನೂ ನಿಲ್ಲದೆ ಓಡಿದಳು. ನೋಡಲು ಅವರಿರಬೇಕಿತ್ತು... ಎಣಿಸಿದವನು ನಾನೇ. ಮುಗಿದಾಗ ಯಾರಾದರೂ ಸೀಟಿ ಊದಬೇಕಲ್ಲ ಎಂದು ಎರಡು ಬೆರಳು ಬಾಯಿಗಿಟ್ಟೆ. ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು.