ಮೂರನೇ ಗೇರಿನ ಸದ್ದು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕುಣಿಗಲ್ ದಾಟಿ ಹುಲಿಯೂರುದುರ್ಗದ ಕಡೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರಿದೆ. ಅದರ ತಲೆಯಲ್ಲಿದ್ದ ಕಿಲೋಮೀಟರ್ ಕಲ್ಲು ನಮ್ಮ ಲಾರಿಯ ಪಕ್ಕಕ್ಕೆ ಬಂದಾಗ ನಾನು ವಾಚು ನೋಡಿಕೊಂಡೆ. ಅಪ್ಪನ ಜೊತೆ ಕ್ಯಾಬಿನ್ನಿನಲ್ಲಿ ಕೂತಾಗಲೆಲ್ಲ ಕಲ್ಲಿನಿಂದ ಕಲ್ಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸುವುದು ನನ್ನ ಚಟ. ಆ ಇಳಿಜಾರಿನಲ್ಲಿ ಒಂದು ಕಿಲೋಮೀಟರಿಗೆ ಯಾವಾಗಲೂ ಎರಡು ನಿಮಿಷ. ಅವತ್ತು ಒಂದು ನಿಮಿಷ ನಲವತ್ತಮೂರು ಸೆಕೆಂಡಿಗೇ ಮುಂದಿನ ಕಲ್ಲು ಬಂತು. ಬೇಗ ಬಂತಲ್ಲ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನಿಂದ ರೈಲಿನಲ್ಲಿ ಓಡಾಡಿಕೊಂಡು. ಅಪ್ಪ ನಿಟ್ಟೂರಿನ ಸುತ್ತಿನ ತೆಂಗಿನಕಾಯಿಯನ್ನು ಮದ್ದೂರಿಗೆ ಸಾಗಿಸುತ್ತಿದ್ದರು. ಲಾರಿ ಅವರದೇ, ಡ್ರೈವರೂ ಅವರೇ. ಮೊದಲು ಅದು ಕಲ್ಲಿನ ಕ್ವಾರಿಯಲ್ಲಿ ದುಡಿದ ಗಾಡಿ. ಎಂಥ ಏರನ್ನಾದರೂ ಹತ್ತುತ್ತಿತ್ತು, ಆದರೆ ಸಮನಾದ ರಸ್ತೆಯಲ್ಲಿ ಇಂಜಿನ್ ಅರಚುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಗುಬ್ಬಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕುತ್ತಿದ್ದವು.

ತುಮಕೂರಿನ ಗ್ಯಾರೇಜಿನ ಮೇಸ್ತ್ರಿ ಕಾರಣ ಹೇಳಿದರು. ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿರುವ ಭಾಗದೊಳಗೆ ಎರಡು ಹಲ್ಲುಚಕ್ರಗಳಿರುತ್ತವೆ: ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಅವೆರಡರ ಹಲ್ಲಿನ ಲೆಕ್ಕ ಬದಲಾದರೆ ಗಾಡಿಯ ನಡಿಗೆಯೇ ಬದಲಾಗುತ್ತದೆ. ಹೊಸ ಜೋಡಿ ತರುವುದು ನಮ್ಮ ಕೈಗೆ ಎಟುಕುವ ಮಾತಲ್ಲ. ದೊಡ್ಡ ಟೈರು ಹಾಕಿದರೂ ಸ್ವಲ್ಪ ಗುಣ ಕಾಣುತ್ತದೆ, ಆದರೆ ಅದು ಮಡ್‌ಗಾರ್ಡಿಗೆ ಉಜ್ಜುತ್ತದೆ. ಉಳಿದದ್ದು ಗುಜರಿ. ಅಲ್ಲಿ ಒಂದು ಹಳೇ ಬಸ್ಸು ಬಿದ್ದಿತ್ತು.

"ಬರೀ ಕ್ರೌನ್ ತಂದ್ರೆ ಆಗಲ್ಲ ಯಜಮಾನ್ರೇ," ಅಂದರು ಮೇಸ್ತ್ರಿ. "ಗಂಡ ಹೆಂಡ್ತಿ ಇದ್ದಂಗೆ ಇವು. ಒಂದ್ಕೊಂದು ಸವ್ದು ಹೊಂದ್ಕೊಂಡಿರ್ತವೆ. ಬಸ್ಸಿಂದು ಇಡೀ ಸಂಸಾರನೇ ಎತ್ಕೊಂಡ್ ಬಂದ್ಬುಡಾಣ, ಹಂಗೇ ಕೂರಿಸ್ಬೋದು."

ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ತಿರುಗಿಸಿ ಎಣಿಸಿದವಳು ನಾನು. ಎರಡರಲ್ಲೂ ಕ್ರೌನಿಗೆ ನಲವತ್ತೊಂದು ಹಲ್ಲು. ಪಿನಿಯನ್ನಿಗೆ ನಮ್ಮದರಲ್ಲಿ ಆರು, ಬಸ್ಸಿನದರಲ್ಲಿ ಏಳು. ಇಂಜಿನ್ ಅಷ್ಟೇ ತಿರುಗಿದರೂ ಚಕ್ರ ಆರರಲ್ಲಿ ಒಂದು ಪಾಲು ಹೆಚ್ಚು ಉರುಳುತ್ತದೆ ಅಂತ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತೋರಿಸಿದೆ. ಅಪ್ಪ ಗ್ಯಾರೇಜಿನವರಿಗೆಲ್ಲ ಕೇಳುವ ಹಾಗೆ, "ನಮ್ಮವ್ವ ಲೆಕ್ಕ ಹಾಕವ್ಳೆ, ಹಾಕಿ ಮೇಸ್ತ್ರಿ," ಅಂದರು.

ಒಂದು ವಾರ ಗಾಡಿ ಚಿಗರೆಯಂತೆ ಓಡಿತು. ಆ ವಾರವೆಲ್ಲ ಬಾಡಿಗೆ ಸಿಕ್ಕಿದ್ದು ಶಿರಾ ಕಡೆಯ ಸಮನಾದ ರಸ್ತೆಯಲ್ಲಿ. ಹಲ್ಲುಚಕ್ರ ಬದಲಾದ ಮೇಲೆ ಮದ್ದೂರಿಗೆ ಹೊರಟ ಮೊದಲ ಲೋಡಿಗೆ, ಅಲ್ಲಿದ್ದ ಚಿಕ್ಕಮ್ಮನ ಮನೆಗೆಂದು, ನಾನೂ ಹತ್ತಿದೆ.

ಅಪ್ಪ ಕಿವಿಯಿಂದ ಗಾಡಿ ಓಡಿಸುತ್ತಿದ್ದವರು. ಸ್ಪೀಡೋಮೀಟರ್ ಕೊಂಡಾಗಿನಿಂದಲೇ ಸತ್ತಿತ್ತು. ಅದನ್ನು ಸರಿಮಾಡಿಸಿ ಎಂದರೆ, "ಮುಳ್ಳು ಯಾಕವ್ವಾ? ಇಂಜಿನ್ನೇ ಹೇಳ್ತದಲ್ಲ," ಅನ್ನುತ್ತಿದ್ದರು. ಆ ಇಳಿಜಾರಿಗೆ ಅವರದು ಮೂರನೇ ಗೇರು. ದೂರದ ರೈಸ್ ಮಿಲ್ಲಿನಂಥ ಒಂದು ಗುಂಯ್ ಸದ್ದು. ಅದು ಏರಿದರೆ ಬ್ರೇಕು ಒತ್ತುತ್ತಿದ್ದರು, ಇಳಿದರೆ ಬಿಡುತ್ತಿದ್ದರು.

ಅವತ್ತು ಆ ಎರಡನೇ ಕಲ್ಲು ದಾಟಿದ ಮೇಲೆ ತಿರುವುಗಳು ಶುರುವಾದವು. ಅಪ್ಪ ಬ್ರೇಕು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಸುಟ್ಟ ರಬ್ಬರಿನಂಥ ವಾಸನೆ ಬಂತು. ಮೂರನೇ ತಿರುವಿನಲ್ಲಿ ಅವರ ಕಾಲು ಪೆಡಲ್ಲಿನ ಮೇಲೆ ಪೂರಾ ಕೆಳಗೆ ಹೋಯಿತು. ಗಾಡಿ ನಿಲ್ಲಲಿಲ್ಲ. ಎರಡನೇ ಗೇರಿಗೆ ಎಳೆದರು. ಕಟಕಟ ಅಂತ ಹಲ್ಲು ಕಡಿಯಿತು, ಕೂರಲಿಲ್ಲ. ಮೂರಕ್ಕೂ ವಾಪಸ್ ಹೋಗಲಿಲ್ಲ, ಗಾಡಿ ಯಾವ ಗೇರೂ ಇಲ್ಲದೆ ನ್ಯೂಟ್ರಲ್ಲಿನಲ್ಲೇ ಉರುಳತೊಡಗಿತು. ಆಮೇಲೆ ಇಂಜಿನ್ನಿನ ಸದ್ದೇ ತಗ್ಗಿಹೋಯಿತು. ಬೆನ್ನ ಹಿಂದೆ ಕಾಯಿಯ ಮೂಟೆಗಳು ಜರಗುವುದು ಮಾತ್ರ ಕೇಳುತ್ತಿತ್ತು. ಆ ಮೌನ ನನಗೆ ಈಗಲೂ ಆಗಾಗ ಕೇಳಿಸುತ್ತದೆ.

ಮುಂದೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನೊಬ್ಬ ಹೋಗುತ್ತಿದ್ದ. ಅಪ್ಪ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಅವನು ತಿರುಗಿ ನೋಡಿ, ಮೊಪೆಡ್ ಸಮೇತ ರಾಗಿ ಹೊಲಕ್ಕೆ ಇಳಿದುಬಿಟ್ಟ. "ಬಗ್ಗವ್ವಾ!" ಎಂದು ಕೂಗಿ ಅಪ್ಪ ಎಡಕ್ಕೆ ಎಳೆದರು. ಪಕ್ಕದ ಮಣ್ಣಿನ ದಿಬ್ಬಕ್ಕೆ ಗಾಡಿ ಉಜ್ಜುತ್ತ ಹೋಗಿ, ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿಯೊಳಗೆ ಮೂತಿ ಹೂತುಕೊಂಡು ನಿಂತಿತು.

ನನ್ನ ಹುಬ್ಬು ಒಡೆದಿತ್ತು. ಅಪ್ಪನ ಮಣಿಕಟ್ಟು ಊದಿತ್ತು. ಹಾಲಿನವನು ಓಡಿಬಂದ.

"ಏನ್ ಸ್ವಾಮಿ, ಮದ್ದೂರ್ಗೆ ಹಾರ್ಕೊಂಡೇ ಹೋಗಾಣ ಅಂತಿದ್ರಾ? ನನ್ ಹೆಂಡ್ತಿ ತಾಳಿ ಗಟ್ಟಿ ಕಣ್ರೀ!" ಎಂದು ಬೈಯುತ್ತಲೇ ಬಂದವನು ನನ್ನ ಮುಖ ನೋಡಿ, ತಿರುಗಿ ಹೋಗಿ ಕ್ಯಾನು ಬಿಚ್ಚಿಕೊಂಡು ಬಂದ. ಕ್ಯಾನಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ, "ಕುಡಿ ತಾಯಿ, ನಡುಗ್ತಾ ಇದೀಯ," ಅಂದ. ಅಪ್ಪ ಅವನ ಕಡೆ ನೋಡಲೇ ಇಲ್ಲ. ಜಲ್ಲಿಯ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು: "ಸೌಂಡು ಸರಿಯಾಗೇ ಇತ್ತಲ್ಲ."

ಮೇಸ್ತ್ರಿ ಬ್ರೇಕು ಬಿಚ್ಚಿ ನೋಡಿ, ಒಳಗಿನ ಲೈನರುಗಳು ಕಾದು ಸುಟ್ಟಿವೆ ಅಂದರು. ಹೊಸ ಲೈನರ್ ಹಾಕಿ, ಮೂತಿ ನೆಟ್ಟಗೆ ಮಾಡಿ ಕೊಟ್ಟರು. ಅಪ್ಪ ಗಾಡಿಯನ್ನು ಮನೆ ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿದರು, ಮತ್ತೆ ಹತ್ತಲಿಲ್ಲ. ತುಮಕೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಡಾಕ್ಟರು ಏನೂ ಆಗಿಲ್ಲ ಅಂದರೂ ನಂಬಲಿಲ್ಲ. "ನನ್ ಕಿವಿ ಮೋಸ ಮಾಡ್ತು ಕಣವ್ವಾ. ಮಗಳನ್ನ ಪಕ್ಕದಲ್ ಕೂರಿಸ್ಕೊಂಡಿದ್ದಾಗ್ಲೇ ಮಾಡ್ತು. ಇನ್ ಸ್ಟೇರಿಂಗ್ ಮುಟ್ಟಲ್ಲ." ರಾತ್ರಿ ಅವರು ನಡುಮನೆಯಲ್ಲಿ ಎದ್ದು ಕೂರುತ್ತಿದ್ದರು, ಕಣ್ಣು ಮುಚ್ಚಿದರೆ ಜಲ್ಲಿ ಕಾಣುವ ನಾನು ಕೋಣೆಯಲ್ಲಿ. "ಅಪ್ಪ ಮಗಳು ಒಳ್ಳೆ ಗೂಬೆ ಕಾವಲು ಕಾಯ್ತೀರ," ಎಂದು ಅಮ್ಮ ರೇಗುತ್ತಿದ್ದಳು. ಮೂವತ್ತು ವರ್ಷ ಓಡಿಸಿದ ಮನುಷ್ಯ, ಗಾಡಿ ಮಾರಲು ಗಿರಾಕಿ ಹುಡುಕತೊಡಗಿದರು.

ಒಂದು ಬೆಳಗ್ಗೆ ರೈಲಿನ ಕಿಟಕಿಯಲ್ಲಿ ಕಂಬಗಳನ್ನು ಎಣಿಸುತ್ತಿದ್ದಾಗ ಆ ಒಂದು ನಿಮಿಷ ನಲವತ್ತಮೂರು ಸೆಕೆಂಡು ನೆನಪಾಯಿತು. ನೋಟ್‌ಬುಕ್ಕಿನ ಹಾಳೆ ತೆಗೆದೆ. ಎರಡು ನಿಮಿಷದಲ್ಲಿ ಹೆಚ್ಚುಕಮ್ಮಿ ಏಳರಲ್ಲಿ ಒಂದು ಪಾಲು ಕಡಿಮೆ. ಚಕ್ರ ಆರರಲ್ಲಿ ಒಂದು ಪಾಲು ಹೆಚ್ಚು ಉರುಳಿದರೆ ಹೊತ್ತು ಉಳಿಯಬೇಕಾದದ್ದೂ ಅಷ್ಟೇ. ಸದ್ದು ಅದೇ ಇತ್ತು, ವೇಗ ಹೆಚ್ಚಿತ್ತು. ಗಾಡಿಯನ್ನು ಹಿಡಿದುಕೊಳ್ಳುವ ಇಂಜಿನ್ನಿನ ಬಲವೂ ಅಷ್ಟೇ ತಗ್ಗಿತ್ತು, ಅದರ ಪಾಲಿನ ಕೆಲಸವೂ ಬ್ರೇಕಿನ ಮೇಲೆ ಬಿದ್ದು ಅದು ಕಾದಿತ್ತು. ನಾನು ಸಮನಾದ ರಸ್ತೆಯನ್ನು ಮಾತ್ರ ಯೋಚಿಸಿದ್ದೆ.

ಹೇಳಲು ಮೂರು ದಿನ ಹಿಡಿಯಿತು. ಹೇಳಿದರೆ "ನಮ್ಮವ್ವ ಲೆಕ್ಕ ಹಾಕವ್ಳೆ" ಅನ್ನುವ ಆ ಮಾತು ಇನ್ನೆಂದೂ ಕೇಳುವುದಿಲ್ಲ ಅನ್ನಿಸಿತ್ತು. ಆದರೆ ನಾಲ್ಕನೇ ದಿನ ಗಾಡಿ ನೋಡಲು ಗಿರಾಕಿ ಬರುವವನಿದ್ದ. ಹಿಂದಿನ ಸಂಜೆ ಹಾಳೆ ಹಿಡಿದುಕೊಂಡು ಹುಣಸೆಮರದ ಕೆಳಗೆ ಹೋದೆ. "ತಪ್ಪು ನಿಮ್ ಕಿವೀದಲ್ಲಪ್ಪ, ನನ್ದು."

ಅವರು ಪೂರ್ತಿ ಕೇಳಿದರು. ಎರಡು ಸಲ ಮೊದಲಿಂದ ಹೇಳಿಸಿದರು. ಆಮೇಲೆ ಕೇಳಿದ್ದು ಇಷ್ಟೇ: "ಹಂಗಾರೆ ನಾನ್ ಕೇಳಿದ್ ಸದ್ದು ಸರೀಗೇ ಇತ್ತು?"

"ಸರೀಗೇ ಇತ್ತು."

"ಮತ್ತೆ ಕಲ್ಲು ಬೇಗ ಬಂದಾಗ ಬಾಯಲ್ಲೇನ್ ಇಟ್ಕೊಂಡಿದ್ದೆ?"



ಗಿರಾಕಿಯನ್ನು ಅಪ್ಪ ವಾಪಸ್ ಕಳಿಸಿದರು. ಮುಂದಿನ ಸೋಮವಾರ ಕಾಯಿ ತುಂಬಿಸಿ, "ವಾಚ್ ಕಟ್ಕೊಂಡ್ ಬಾ," ಅಂದರು. ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ಎರಡನೇ ಗೇರು ಹಾಕಿದರು. ಇಂಜಿನ್ ಗೋಳಾಡುತ್ತ ಗಾಡಿಯನ್ನು ಹಿಡಿದುಕೊಂಡಿತು. ಕಲ್ಲಿನಿಂದ ಕಲ್ಲಿಗೆ ಎರಡು ನಿಮಿಷ ಐವತ್ತು ಸೆಕೆಂಡು. ಗಟ್ಟಿಯಾಗಿ ಕೂಗಿ ಹೇಳಿದೆ. ಅಪ್ಪ ತಲೆ ಓರೆ ಮಾಡಿ ಆ ಹೊಸ ಸದ್ದನ್ನು ಕೇಳುತ್ತಿದ್ದರು. ಬ್ರೇಕಿಗೆ ಕಾಲು ಹೋಗಿದ್ದು ನಾಲ್ಕೇ ಸಲ. ಜಲ್ಲಿ ರಾಶಿ ಅಲ್ಲಿರಲಿಲ್ಲ, ರಸ್ತೆಗೆ ಹಾಸಿಯಾಗಿತ್ತು.

ಸಂಜೆ ನಿಟ್ಟೂರಿಗೆ ಮರಳಿ ಉಂಡು ಮಲಗಿದೆವು. ಮಂಗಳವಾರ ಬಿಸಿಲು ನಡುಮನೆಗೆ ಬಂದ ಮೇಲೆ, ಅಮ್ಮ ಇಬ್ಬರನ್ನೂ ಅಲುಗಾಡಿಸಿ ಎಬ್ಬಿಸಬೇಕಾಯಿತು.