ಜಲರಾಣಿಯನ್ನು ಕರೆದ ಮಧ್ಯಾಹ್ನ

ಚೆಂಬೂರಿನಿಂದ ಮಢ್‌ಗೆ ಹೋಗುವುದೆಂದರೆ ಮುಂಬಯಿಯನ್ನು ಅಡ್ಡಡ್ಡ ದಾಟಿದ ಹಾಗೆ. ಬೆಳಿಗ್ಗೆ ಎಂಟರ ಸುಮಾರಿಗೆ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದೆ. ಸ್ಟೇಶನ್ನಿನ ಸೇತುವೆ ಹತ್ತುವಾಗ ಹಿಂದಿನಿಂದ ಒಬ್ಬಳು ಹುಡುಗಿ, "ಆಂಟಿ, ಜಲ್ದಿ ಜಲ್ದಿ" ಎಂದಳು. "ಜಲ್ದಿ ಮಾಡಿಯೇ ಎಪ್ಪತ್ತಾರಕ್ಕೆ ಬಂದು ಮುಟ್ಟಿದ್ದೇನೆ ಡಿಯರ್, ನೀನು ಮುಂದೆ ಹೋಗು" ಎಂದು ಗೋಡೆಗೆ ಸರಿದು ನಿಂತೆ. ಘಾಟ್ಕೋಪರಿನಿಂದ ಮೆಟ್ರೋ, ವರ್ಸೋವಾದಲ್ಲಿ ಇಳಿದು ರಿಕ್ಷಾ, ಜೆಟ್ಟಿಯಿಂದ ಹತ್ತು ರೂಪಾಯಿಯ ಫೆರಿ. ಹಿನ್ನೀರಿನ ಖಾಡಿ ದಾಟಲು ಐದೇ ನಿಮಿಷ. ಮಳೆ ನಿಂತಿತ್ತು, ಆದರೆ ಆಕಾಶ ತೊಳೆಯದ ಸ್ಟೀಲ್ ಪಾತ್ರೆಯ ಬಣ್ಣದಲ್ಲಿತ್ತು.

ಸಮುದ್ರವನ್ನು ನಂಬಿ ಮುಂಬಯಿಗೆ ಬಂದ ಕನ್ನಡಿಗರ ಬಾಯಿಮಾತುಗಳನ್ನು ನಮ್ಮ ಸಂಘ ರೆಕಾರ್ಡ್ ಮಾಡಿಡುತ್ತಿದೆ. ರಿಟೈರ್ಡ್ ಟೀಚರ್, ಪುರುಸೊತ್ತಿದೆ ಎಂದು ನನಗೂ ಒಂದು ವಿಳಾಸ ಕೊಟ್ಟಿದ್ದರು: ಗಿರಿಜಕ್ಕ, ಗಂಗೊಳ್ಳಿ ಕಡೆಯವರು, ಮದುವೆಯಾಗಿ ಮಢ್‌ಗೆ ಬಂದವರು. ಗಂಡ ಜಲರಾಣಿ ಎಂಬ ಸ್ವಂತ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖಂಡ. ಒಂದು ತೂಫಾನಿನಲ್ಲಿ ದೋಣಿಯೂ ಸಿಗಲಿಲ್ಲ, ಗಂಡನೂ ಸಿಗಲಿಲ್ಲ, ಒಂದು ಹಲಗೆ ಕೂಡ ದಡಕ್ಕೆ ಬರಲಿಲ್ಲ.

ಫೆರಿ ದಡ ಮುಟ್ಟುವ ಮೊದಲೇ ಒಂದು ಸದ್ದು ಕೇಳಿಸಿತು. ಬಾಣಲೆಯಲ್ಲಿ ಎಣ್ಣೆ ಕಾಯುವಾಗ ಸುಯ್ಯೆನ್ನುತ್ತದಲ್ಲ, ಅಂಥದ್ದು. ಆದರೆ ಇದು ಕೇರಿಯಷ್ಟು ದೊಡ್ಡದು. ದಡದ ಮೇಲಿನ ತಗಡಿನ ಶೆಡ್ಡಿಗೆ ಕಟ್ಟಿದ್ದ ಭೋಂಗಾದಿಂದ, ಅಂದರೆ ಲೌಡ್‌ಸ್ಪೀಕರಿನಿಂದ, ಅದು ಬರುತ್ತಿತ್ತು.

"ಗಿರಿಜಾ ಮೌಸೀಚಾ ವಾಯರ್‌ಲೆಸ್," ಎಂದ ಫೆರಿಯವನು. "ಕಧೀಚ್ ಬಂದ್ ನಾಯ್ ಹೋತ್." ಎಂದೂ ಆಫ್ ಆಗುವುದಿಲ್ಲವಂತೆ.

ಬಲೆ ಹೊಲಿಯುತ್ತಿದ್ದ ಹೆಂಗಸರು ಆ ಸದ್ದಿನ ಕೆಳಗೇ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಗಿರಿಜಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಜೀವ, ದೊಡ್ಡ ಮೂಗುಬೊಟ್ಟು.

"ಬನ್ನಿ ಅಮ್ಮಾ, ಕೂಕಣಿ. ನೀರು ಬೇಕಾ? ನಿಮ್ಮ ಸ್ವರ ಚಂದ ಇತ್ತು ಫೋನಿನಗೆ. ಅದಕ್ಕೇ ಇವತ್ತೇ ಬನ್ನಿ ಅಂದದ್ದು."

ಸ್ವರಕ್ಕೂ ಇವತ್ತಿಗೂ ಏನು ಸಂಬಂಧ ಎಂದು ಆಗ ತಿಳಿಯಲಿಲ್ಲ. ಮೂಲೆಯ ಮೇಜಿನ ಮೇಲೆ ವಾಯರ್‌ಲೆಸ್ ಸೆಟ್, ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಮೈಕು. ಗಂಡನ ಕಡೇ ಮಾತು ಬಂದದ್ದು ಇದರಲ್ಲೇ. "ಬತ್ತಾ ಇದ್ದೆ, ಅನ್ನ ಇಡು." ಅಂದಿನಿಂದ ದಿನಾ ಸಂಜೆ ಗಿರಿಜಕ್ಕ ಜಲರಾಣಿಯನ್ನು ಒಮ್ಮೆ ಕರೆಯುತ್ತಾರೆ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದ ಮೇಲಿದ್ದಾಗಲೂ ಸೆಟ್ ಉರಿಯುತ್ತಲೇ ಇರಬೇಕು.

"ಸುಯ್ ಅಂತಿದ್ರೆ ಯಾರೂ ಇಲ್ಲೆ ಅಂತ ಲೆಕ್ಕ," ಎಂದು ನನಗೆ ಕಲಿಸಿದರು. "ಎಲ್ಲಾದರೂ ಯಾರಾದರೂ ಗುಂಡಿ ಒತ್ತಿದ್ರೆ ಸುಯ್ ನಿಲ್ತ್. ಮಾತಾಡದಿದ್ರೂ ನಿಲ್ತ್."

ಮಧ್ಯಾಹ್ನ ಗಂಜಿ, ಒಣಸಿಗಡಿ ಚಟ್ನಿ. ಮಗ ದಿನೇಶ ಉಣ್ಣಲು ಬಂದ. ಅಪ್ಪ ಹೋದಾಗ ಅಂಗನವಾಡಿಯಲ್ಲಿದ್ದವನು ಈಗ ಸ್ವಂತ ದೋಣಿ ಕಟ್ಟಿಸಿದ್ದಾನೆ. ಮೀನುಗಾರಿಕೆ ಮತ್ತೆ ಶುರುಮಾಡುವ ಶ್ರಾವಣ ಹುಣ್ಣಿಮೆಯ ತೆಂಗಿನಕಾಯಿ ಹಿಂದಿನ ದಿನವೇ ಸಮುದ್ರಕ್ಕೆ ಬಿದ್ದಿತ್ತು. ಅಂದು ಸಂಜೆ ಮೊದಲ ಸಲ ಹೊರಡುವುದಿತ್ತು. ದೋಣಿಯ ಮೂತಿಯ ಮೇಲೆ ನೀಲಿ ಬಣ್ಣದಲ್ಲಿ ಆಗಲೇ ಬರೆಸಿಯೂ ಆಗಿತ್ತು: ಜಲರಾಣಿ.

"ಬಾಪಾಂದು ಅಂತ ಬೇರೆ ಏನೂ ಇಲ್ಲ ಆಂಟಿ," ಎಂದ ದಿನೇಶ. "ಏಕ್ ಫೋಟೋ, ವೋ ಭೀ ಬ್ಲರ್. ಹೆಸರಾದ್ರೂ ಇರ್ಲಿ."

ಗಿರಿಜಕ್ಕ ಅವನಿಗೆ ಗಂಜಿ ಬಡಿಸುತ್ತಲೇ ನನ್ನನ್ನು ನೋಡಿ ಹೇಳಿದರು. "ನಾಳೆ ಸಮುದ್ರದಗೆ ಯಾರೋ ಜಲರಾಣಿ ಅಂತ ಇವನನ್ನ ಕರೀತ್ರು. ನಮ್ಮವ್ರು ಓಗೊಟ್ರೆ ಎಂತ ಮಾಡೂದು? ಇವ ಆ ಸ್ವರ ಹಿಡ್ಕಂಡು ಹೋದ್ರೆ?"

ಗಂಜಿಯ ಬಟ್ಟಲು ಕೆಳಗಿಟ್ಟು, ಹಾಗೆಂದರೇನು ಎಂದು ಕೇಳಿದೆ.

ಕಾಣೆಯಾದ ದೋಣಿಯ ಹೆಸರನ್ನು ಬೇರೆ ದೋಣಿಗೆ ಇಡುವ ಮೊದಲು ಕರೆದು ಕೇಳುವುದು ಆ ದಡದ ರೂಢಿಯಂತೆ. ಮೂರು ಸಲ ಕರೆಯಬೇಕು. ಉತ್ತರವಿಲ್ಲದಿದ್ದರೆ ಹೆಸರು ಬಿಡುಗಡೆಯಾಯಿತು. ಓಗೊಟ್ಟರೆ ಹೆಸರು ಇನ್ನೂ ಅವರದ್ದೇ. ಕರೆಯುವವರು ಮನೆಯವರಾಗಬಾರದು, ದೋಣಿಯವರೂ ಆಗಬಾರದು. ಕೇಳಿಸಿತೋ ಇಲ್ಲವೋ ಎಂದು ಹೇಳಬೇಕಾದವರೂ ಅವರೇ. ಆ ಕೆಲಸ ನಾನು ಮಾಡಬಹುದೆಂದು ತಾಯಿ ಮಗ ಇಬ್ಬರೂ ಒಪ್ಪಿದ್ದರು. ನನ್ನನ್ನು ಕೇಳಿರಲಿಲ್ಲ ಅಷ್ಟೆ.

"ಟೀಚರ್ ಹೈ ನಾ ಆಂಟಿ!" ದಿನೇಶ ನಕ್ಕ. "ಆಂಟಿ ಬುಲಾಯಾ ತೋ ಪ್ರೆಸೆಂಟ್ ಮಿಸ್ ಬೋಲೇಗಾ!"

ಬಾಗಿಲಲ್ಲಿದ್ದ ಹೆಂಗಸರು ನಕ್ಕರು. ಗಿರಿಜಕ್ಕ ನಗಲಿಲ್ಲ.

ಊಟವಾದ ಮೇಲೆ ಉಳಿದ ದೋಣಿಗಳ ತಾಂಡೇಲರೆಲ್ಲ ಬಂದು ಶೆಡ್ಡಿನ ಮುಂದೆ ಸಾಲಾಗಿ ನಿಂತರು. ತಮ್ಮ ತಮ್ಮ ಸೆಟ್ ಆಫ್ ಮಾಡಿ ಬಂದಿದ್ದೇವೆ ಎಂದು ತೋರಿಸಲು ಎಲ್ಲರೂ ಎದೆಯ ಮೇಲೆ ಕೈ ಕಟ್ಟಿದ್ದರು. ಗಿರಿಜಕ್ಕ ಮೈಕನ್ನು ನನ್ನ ಕೈಗಿಟ್ಟರು. ಬೆವರಿನ ವಾಸನೆ, ಉಪ್ಪಿನ ವಾಸನೆ. ಮಂಗಳೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಕಲಿಸುತ್ತಿದ್ದ ಸಿಸ್ಟರ್, ಲಾಸ್ಟ್ ಬೆಂಚಿಗೆ ಕೇಳಿಸುವ ಹಾಗೆ ಮಾತಾಡು ಎನ್ನುತ್ತಿದ್ದರು. ಇವತ್ತಿನ ಲಾಸ್ಟ್ ಬೆಂಚು ಎಲ್ಲಿದೆಯೋ ಎಂದುಕೊಂಡು ಗುಂಡಿ ಒತ್ತಿದೆ.

"ಜಲರಾಣಿ, ಜಲರಾಣಿ. ಕೇಳ್ತಾ ಇದ್ದೀರಾ? ಓವರ್."

ಗುಂಡಿ ಬಿಟ್ಟೆ. ಸುಯ್.

ಎರಡನೆಯ ಸಲವೂ ಸುಯ್. ದಿನೇಶನ ಭುಜ ಸಡಿಲವಾದದ್ದು ಕಂಡಿತು.

ಮೂರನೆಯ ಸಲ ಕರೆದು ಗುಂಡಿ ಬಿಟ್ಟೆ. ಸುಯ್ ಎಂದಿತು. ಆಮೇಲೆ ನಿಂತಿತು.

ಬೆಳಿಗ್ಗೆಯಿಂದ ಕಿವಿ ತುಂಬಿದ್ದ ಸದ್ದು ಇಲ್ಲವಾದಾಗ ಯಾರೋ ಕೋಣೆಯೊಳಗೆ ಬಂದು ನಿಂತ ಹಾಗಾಯಿತು. ಮಾತಿಲ್ಲ. ಮೈಕನ್ನು ತುಟಿಯ ಹತ್ತಿರ ಹಿಡಿದು ಏನು ಹೇಳಲಿ ಎಂದು ಯೋಚಿಸುತ್ತಿರುವವರ ಮೌನ. ಅದರ ಹಿಂದೆ, ಮರಕ್ಕೆ ನೀರು ತಾಗುವಂಥ ಸಣ್ಣ ಸದ್ದು. ಹೊರಗೆ ತಾಂಡೇಲರ ಕೈಗಳು ಎದೆಯ ಮೇಲೇ ಇದ್ದವು. ಆಮೇಲೆ ಟಕ್ ಎಂದಿತು, ಸುಯ್ ಮರಳಿ ಬಂತು.

"ಪಾಸಿಂಗ್ ಶಿಪ್ ಹೋಗಾ," ಎಂದ ದಿನೇಶ, ತುಂಬ ಬೇಗ. "ಗಲ್ತೀಸೆ ದಬ್ ಗಯಾ ಹೋಗಾ ಕಿಸೀಸೆ."

ಇರಬಹುದು, ದೂರದ ಹಡಗಿನಲ್ಲಿ ಯಾರೋ ತಪ್ಪಿ ಗುಂಡಿ ಒತ್ತಿರಬಹುದು. ನಾನು ಈಗಲೂ ಹಾಗೆ ಹೇಳಿಕೊಳ್ಳುತ್ತೇನೆ. ಆದರೆ ಎಲ್ಲರೂ ನೋಡುತ್ತಿದ್ದದ್ದು ನನ್ನನ್ನು. ಹಡಗೋ ಅಲ್ಲವೋ ಎಂದು ಅವರು ನನ್ನನ್ನು ಕೇಳಿರಲಿಲ್ಲ. ಕೇಳಿಸಿತೋ ಇಲ್ಲವೋ, ಅಷ್ಟೇ ಪ್ರಶ್ನೆ. ಇಲ್ಲ ಎಂದರೆ ಹುಡುಗನಿಗೆ ಅಪ್ಪನ ದೋಣಿಯ ಹೆಸರು. ಗಿರಿಜಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು.

"ಕೇಳಿಸಿತು," ಎಂದೆ.

ಫೇಲಾದ ಹುಡುಗರು ಪೇಪರ್ ನೋಡುವ ಹಾಗೆ ದಿನೇಶ ನನ್ನನ್ನು ನೋಡಿದ. ಜಗಳವಾಡಲಿಲ್ಲ. ಹೋಗಿ ಬಿಳಿ ಬಣ್ಣದ ಡಬ್ಬಿ ತಂದು ಅಪ್ಪನ ದೋಣಿಯ ಹೆಸರಿನ ಮೇಲೆ ತಾನೇ ಬ್ರಶ್ ಎಳೆದ. ಕೊನೆಯ ಅಕ್ಷರದ ಹತ್ತಿರ ಅವನ ಕೈ ಸ್ವಲ್ಪ ಹೊತ್ತು ನಿಂತಿತು. ಮೂತಿಯ ಮೇಲೆ ಸರಕಾರಿ ನಂಬರೊಂದೇ ಉಳಿಯಿತು. ಈ ಸಲ ಹಾಗೇ ಹೋಗಿ ಬರುತ್ತೇನೆ, ಹೆಸರು ಆಮೇಲೆ ನೋಡೋಣ ಎಂದು ತಾಯಿಯ ಕಾಲು ಮುಟ್ಟಿ ಹೊರಟ. ನನ್ನ ಕಾಲನ್ನೂ ಮುಟ್ಟಿದ. ನನಗೆ ನಾಚಿಕೆಯಾಯಿತು.

ಅವನ ಇಂಜಿನ್ನು ಶುರುವಾದ ಮೇಲೆ ಗಿರಿಜಕ್ಕ ಮೈಕಿನ ಮುಂದೆ ಕುಳಿತರು. ದಿನದ ಕರೆಯ ಹೊತ್ತು ಇನ್ನೂ ಆಗಿರಲಿಲ್ಲ. ಓವರ್ ಎಂದು ಕೂಡ ಅನ್ನದೆ, ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಂತೆ ಹೇಳಿದರು.

"ಹೋಯ್, ಕೇಂಡ್ರಾ? ನಿಮ್ಮ ಮಗ ಹೊರಟ. ಹೆಸರು ನಿಮಗೇ ಇರ್ಲಿ. ಅವನನ್ನ ಕರೀಬೇಡಿ. ದಾರಿ ಬಿಡಿ."

ಸುಯ್ ಎನ್ನುತ್ತಲೇ ಇತ್ತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. "ನೀವು ಹೋಗಿ ಅಮ್ಮಾ, ಫೆರಿಗೆ ರಶ್ ಆತ್ತು," ಎಂದರು, ಸೆಟ್ಟಿನಿಂದ ಕಣ್ಣು ತೆಗೆಯದೆ. ರೆಕಾರ್ಡ್ ಮಾಡಲು ಬಂದವಳು ಫೋನನ್ನು ಬ್ಯಾಗಿನಿಂದ ತೆಗೆದಿರಲೇ ಇಲ್ಲ.

ಫೆರಿಯಲ್ಲಿ ಎರಡು ಸ್ಕೂಟರು, ಬುಟ್ಟಿಯ ಹೆಂಗಸರು, ಸೆಲ್ಫಿ ತೆಗೆಯುವ ಜೋಡಿ. ಖಾಡಿಯ ನಡುವೆ ಬಂದಾಗ ದಿನೇಶನ ದೋಣಿ ದೂರದಲ್ಲಿ ಖಾಡಿಯ ಬಾಯಿ ದಾಟಿ ತೆರೆದ ಸಮುದ್ರಕ್ಕೆ ತಿರುಗುತ್ತಿತ್ತು. ಹಸಿ ಬಿಳಿ ಬಣ್ಣ ಬೆಳಗಿತು.

ಆಗ ಭೋಂಗಾದ ಸದ್ದು ನಿಂತಿತು.

ಬುಟ್ಟಿಯ ಹೆಂಗಸರು ಮಾತು ನಿಲ್ಲಿಸಿದರು. ಫೆರಿಯವನು ತಲೆಯ ಟೋಪಿ ತೆಗೆದ. ಟಕ್ ಎಂದಿತು, ಸುಯ್ ಮರಳಿ ಬಂತು. ನಾನು ಹಿಂತಿರುಗಿ ನೋಡುತ್ತಿದ್ದಂತೆಯೇ ಅದು ಮತ್ತೆ ನಿಂತಿತು, ಮತ್ತೆ ಬರಲಿಲ್ಲ. ಎಂದೂ ಆಫ್ ಆಗದ ಸೆಟ್ಟನ್ನು ಆಫ್ ಮಾಡಿ ಗಿರಿಜಕ್ಕ ಶೆಡ್ಡಿನಿಂದ ಹೊರಗೆ ಬಂದರು, ಬಾಗಿಲು ಎಳೆದು ಚಿಲಕ ಹಾಕಿದರು. ಒಮ್ಮೆಯೂ ಸಮುದ್ರದ ಕಡೆ ತಿರುಗದೆ, ಅನ್ನ ಇಡುವ ಹೊತ್ತಾಯಿತು ಎನ್ನುವವರ ಹಾಗೆ, ಮನೆಯ ಕಡೆ ನಡೆದರು.