ಬಾಗಿಲ ಬದಿಯ ಚಾಪೆ

ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ತೊಳೆಸುತ್ತದೆ. ಪಾಯಸದಲ್ಲಿ ಬಿದ್ದ ದ್ರಾಕ್ಷಿಯನ್ನು ಒಂದೊಂದಾಗಿ ಎತ್ತಿ ಬದಿಗಿಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರು ಆ ಮೀಸೆಯನ್ನು ನೋಡಿದವರಲ್ಲ.

ಕಡಬದ ಹತ್ತಿರ ಕೋಡಿಂಬಾಳದಲ್ಲಿ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ ಇತ್ತು. ಪಾದ್ರಿ ಇಲ್ಲ, ಗಂಟೆ ಇಲ್ಲ, ಗೋಡೆಯ ಮೇಲೆ ಶಿಲುಬೆಯೂ ಇಲ್ಲ. ಹಂಚಿನ ಮಾಡಿನ ಒಂದು ಕೋಣೆ, ನೆಲಕ್ಕೆ ಚಾಪೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಭಾನುವಾರ ಒಂದು ರೊಟ್ಟಿಯನ್ನು ಮುರಿದು ಹಂಚಿಕೊಂಡು, ಒಂದೇ ಪಾತ್ರೆಯಿಂದ ಎಲ್ಲರೂ ಒಂದೊಂದು ಗುಟುಕು ದ್ರಾಕ್ಷಿಯ ರಸ ಕುಡಿಯುವುದೇ ನಮ್ಮ ದೊಡ್ಡ ಆರಾಧನೆ. ರಸ ಅಂದರೆ ಪುತ್ತೂರಿನಿಂದ ತಂದ ಒಣದ್ರಾಕ್ಷಿಯನ್ನು ಕುದಿಸಿ ಹಿಂಡಿದ್ದು. ಮೊದಲ ಗುಟುಕು ಸಭೆಯ ಹಿರಿಯರದು. ನಸ್ಯ ಸೇದಿ ಸೇದಿ ಹಳದಿಗೆ ತಿರುಗಿದ ಅವರ ಮೀಸೆ ಆ ರಸದಲ್ಲಿ ಮುಳುಗಿ ಏಳುತ್ತಿತ್ತು. ಏಳುವಾಗ ತೊಟ್ಟಿಕ್ಕುತ್ತಿತ್ತು. ಅದೇ ಪಾತ್ರೆ ಆಮೇಲೆ ನಮ್ಮೆಲ್ಲರ ಬಾಯಿಗೆ. ಥೂ!

ಆ ಪಾತ್ರೆಗಾಗಿ ನನ್ನ ದೊಡ್ಡಮ್ಮ ವರ್ಷಗಟ್ಟಲೆ ಹಂಬಲಿಸಿದಳು ಎಂಬುದನ್ನು ನೆನೆದರೆ ಹೇಸಿಗೆಯ ಜೊತೆ ಸಿಟ್ಟೂ ಬರುತ್ತದೆ.

ನಾನು ಹುಟ್ಟಿದ್ದು ಸುಳ್ಯದ ಆಚೆ. ನನಗೆ ಐದಾರು ವರ್ಷವಿದ್ದಾಗ ಅಮ್ಮ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವಳ ಅಕ್ಕ, ಅಂದರೆ ಈ ದೊಡ್ಡಮ್ಮ, ನನ್ನನ್ನು ತನ್ನ ಮನೆಗೆ ಕರೆತಂದು ಸಾಕಿದಳು. ದೊಡ್ಡಪ್ಪ ಕೊಯಿಲದ ಜಾನುವಾರು ಫಾರ್ಮಿನಲ್ಲಿ ದನ ನೋಡಿಕೊಳ್ಳುವ ಕೆಲಸದವರು. ಶನಿವಾರ ಸಂಜೆ ಸೆಗಣಿ, ಹುಲ್ಲಿನ ವಾಸನೆ ಹೊತ್ತುಕೊಂಡು ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಮಾತು ಬಹಳ ಕಡಿಮೆ. ಅವರಿಗೆ ನನಗಿಂತ ಸಣ್ಣವಳಾದ ಒಬ್ಬಳೇ ಮಗಳು. ನಾವು ಇದ್ದ ಗುಡಿಸಲು ಸಭೆಯ ಹಿರಿಯರ ಜಾಗದಲ್ಲಿತ್ತು. ರಬ್ಬರು ತೋಟ ಅವರದು, ಸಭೆ ಕೂಡುವ ಕೋಣೆ ಅವರದು, ಅದರ ಹಿಂದಿನ ಹೆಣ ಹೂಳುವ ಜಾಗವೂ ಅವರು ಬಿಟ್ಟುಕೊಟ್ಟದ್ದು. ಸಭೆಯೊಳಗೆ ಎಲ್ಲರೂ ಸಹೋದರ ಸಹೋದರಿಯರು ಅನ್ನುವುದು ಬಾಯಿಮಾತು. ನಾವು ಅವರನ್ನು ಒಳಗೂ ಹೊರಗೂ ಧನಿಗಳೇ ಎಂದೇ ಕರೆಯುತ್ತಿದ್ದೆವು.

ಆ ಸಭೆಯ ಮುಖ್ಯ ಬೋಧನೆ ಒಂದು: ರಕ್ಷಣೆ ಒಮ್ಮೆ ಸಿಕ್ಕಿದರೆ ಸಿಕ್ಕಿದ್ದೇ. ಯೇಸುವನ್ನು ನಂಬಿ ಹೊಳೆಯಲ್ಲಿ ಮುಳುಗಿ ಎದ್ದವನನ್ನು ದೇವರು ಹಿಡಿದುಕೊಳ್ಳುತ್ತಾನೆ, ಮತ್ತೆ ಆ ಹಿಡಿತ ಸಡಿಲುವುದಿಲ್ಲ, ಸೈತಾನನಾಗಲಿ ನಮ್ಮದೇ ಪಾಪವಾಗಲಿ ಅದನ್ನು ಬಿಡಿಸಲಾರದು. ದೊಡ್ಡಮ್ಮನಿಗೆ ಇದು ಎಷ್ಟು ಹಿಡಿಸಿತ್ತು ಎಂದರೆ, ಹೇಳುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು. ಹುಟ್ಟಿದಂದಿನಿಂದ ಯಾರದೋ ನೆಲದಲ್ಲಿ ಗುಡಿಸಲು ಕಟ್ಟಿ, ಅವರು ಏಳು ಎಂದಾಗ ಎದ್ದು ಬಂದವಳು ಅವಳು. ಯಾರೂ ಎಬ್ಬಿಸಲಾಗದ ಒಂದು ಜಾಗ ತನಗೂ ಉಂಟು ಎನ್ನುವುದು ಅವಳಿಗೆ ಸಣ್ಣ ಸಂಗತಿಯಲ್ಲ. ಕುಮಾರಧಾರೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾದ ದಿನವೇ, ಊರೂರು ತಿರುಗುತ್ತಿದ್ದ ಒಬ್ಬರೇ ಬೋಧಕರ ಕೈಯಿಂದ, ಹಿರಿಯರಿಗೂ ಆಗಿತ್ತಂತೆ. ಮೊದಲು ಅವರು ಮುಳುಗಿದರು, ಹಿಂದೆಯೇ ಇವಳು.

ನಾನು ದೊಡ್ಡಮ್ಮನ ಮನೆಗೆ ಬಂದ ಕೆಲವು ವರ್ಷಕ್ಕೆ, ಐವತ್ತರ ದಶಕದ ನಡುವೆ, ಅವಳ ಮಗಳಿಗೆ, ಅಂದರೆ ನನ್ನ ತಂಗಿಗೆ, ಟೈಫಾಯ್ಡ್ ಆಯಿತು. ಪುತ್ತೂರಿನ ಆಸ್ಪತ್ರೆಯಿಂದ ಕೈಚೆಲ್ಲಿ ಕಳಿಸಿದರು. ಕೊನೆಯ ದಿನ ಮಧ್ಯಾಹ್ನ ಅವಳಿಗೆ ಚೆನ್ನಾಗಿ ಎಚ್ಚರವಿತ್ತು. ಒಬ್ಬಳೇ ಹೋಗಬೇಕಾ ಎಂದು ಅಳುತ್ತಿದ್ದಳು. ದೊಡ್ಡಮ್ಮ ಅವಳ ಕೆನ್ನೆಗೆ ಕೆನ್ನೆ ಇಟ್ಟು ಹೇಳಿದಳು.

"ಎಂತಕ್ಕೆ ಹೆದರುದು ಮಗಾ? ನಾನು ಹಿಂದಿಂದಲೇ ಬರ್ತೇನೆ. ಹೊಳೆಯಲ್ಲಿ ಮುಳುಗಿ ಎದ್ದ ದಿನವೇ ನನ್ನ ಜಾಗ ಗಟ್ಟಿ ಆಗಿ ಉಂಟು. ನೀನು ಅಲ್ಲಿ ಕಾದರೆ ಸಾಕು."

"ಗಟ್ಟಿಯಾ?"

"ಗಟ್ಟಿ. ಯಾರು ಬಂದರೂ ಎಬ್ಬಿಸ್ಲಿಕ್ಕಿಲ್ಲ."

ತಂಗಿ ಅಳು ನಿಲ್ಲಿಸಿದಳು. ಸಂಜೆಯೊಳಗೆ ಹೋಗಿಬಿಟ್ಟಳು. ಸಭೆಯ ಹಿಂದಿನ ಜಾಗದಲ್ಲಿ ಹೂಳಿದೆವು. ಪಕ್ಕದಲ್ಲಿ ಒಂದು ಆಳು ಮಲಗುವಷ್ಟು ನೆಲ ಬಿಡಿಸಿ ಇಟ್ಟುಕೊಂಡು, ಅದು ತನಗೆ ಎಂದು ದೊಡ್ಡಮ್ಮ ಎಲ್ಲರ ಎದುರು ಹೇಳಿದಳು. ಹಿರಿಯರೂ ತಲೆಯಾಡಿಸಿದರು.

ಮುಂದಿನ ವರ್ಷದ ಮಳೆಗಾಲ ನಮ್ಮನ್ನು ಹಣ್ಣು ಮಾಡಿತು. ಹೊಳೆ ತುಂಬಿ ದೊಡ್ಡಪ್ಪ ಎರಡು ಶನಿವಾರ ಕೊಯಿಲದಿಂದ ಬರಲಿಲ್ಲ. ಅಕ್ಕಿ ಮುಗಿಯಿತು. ಕೆಸುವಿನ ದಂಟು ಬೇಯಿಸಿ ತಿಂದು ನನ್ನ ನಾಲಗೆಯೆಲ್ಲ ತುರಿಸುತ್ತಿತ್ತು. ದೊಡ್ಡಮ್ಮ ಕೂಲಿಗೆ ಹೋಗುತ್ತಿದ್ದ ಗೌಡರ ಮನೆಯಲ್ಲಿ ಆ ವಾರ ಮನೆ ಕಾಯುವ ದೈವಕ್ಕೆ ಅಗೇಲು ಬಡಿಸಿದ್ದರು, ಅಂದರೆ ಕೋಳಿಸಾರು, ಅಕ್ಕಿರೊಟ್ಟಿಯ ಎಡೆ. ಆ ಮನೆಯ ಅಮ್ಮ ನನ್ನ ನೆನಪು ಮಾಡಿ, "ಮಗುವಿಗೆ ತೆಕ್ಕೊಂಡು ಹೋಗು ಮಾರಾಯ್ತಿ, ಪಾಪ ಹೇಗೆ ಸೊರಗಿದೆ" ಎಂದು ಬಾಳೆಲೆಯಲ್ಲಿ ಕಟ್ಟಿ ಕೊಟ್ಟರು. ದೊಡ್ಡಮ್ಮ ತಂದು ನನಗೆ ತಿನ್ನಿಸಿದಳು. ನಾನು ಎಲುಬನ್ನೂ ಬಿಡಲಿಲ್ಲ. ಎಲೆಗೆ ಅಂಟಿದ್ದ ಸಾರನ್ನು ಬೆರಳಿನಿಂದ ಒರೆಸಿ ಅವಳು ನೆಕ್ಕಿದಳು. ಅವಳು ತಿಂದದ್ದು ಅಷ್ಟೇ.

ದೈವಕ್ಕೆ ಇಟ್ಟ ಎಡೆಯನ್ನು ನಮ್ಮವರು ಮುಟ್ಟಬಾರದು ಎಂಬುದು ಸಭೆಯ ಕಟ್ಟಳೆ. ಹಿರಿಯರ ತೋಟದ ಕೆಲಸದವನೊಬ್ಬ ಅವಳು ಎಲೆಕಟ್ಟು ತರುವುದನ್ನು ನೋಡಿದ್ದ. ಭಾನುವಾರ ಹಿರಿಯರು ಸಭೆಯ ನಡುವೆ ಅವಳನ್ನು ನಿಲ್ಲಿಸಿ, ಎಡೆಗೆ ಬಾಯಿ ಹಾಕಿದೆಯಾ ಎಂದು ಕೇಳಿದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಸುಳ್ಳು ಬರುವುದಿಲ್ಲ.

"ಹೌದು ಧನಿಗಳೇ, ನೆಕ್ಕಿದ್ದೇನೆ. ಹಸಿವಾಗಿತ್ತು."

ಹಿರಿಯರು ಕಣ್ಣುಮುಚ್ಚಿ ತೀರ್ಪು ಕೊಟ್ಟರು. ರಕ್ಷಣೆ ಕಳೆದುಹೋಗುವುದಿಲ್ಲ, ಅದು ಸತ್ಯ. ಹಾಗಾಗಿ ದೈವದ ಎಡೆಗೆ ಬಾಯಿ ಹಾಕಿದವಳಿಗೆ ಅದು ಮೊದಲೇ ಇರಲಿಲ್ಲ. ಅವಳ ನಂಬಿಕೆ ಸುಳ್ಳು, ಹೊಳೆಯಲ್ಲಿ ಅವಳು ಒದ್ದೆಯಾದದ್ದು ಮಾತ್ರ. ಸಭೆಯ ಎದುರು ನಿಂತು 'ನನ್ನ ಮೊದಲಿನದು ಸುಳ್ಳಾಗಿತ್ತು' ಎಂದು ಹೇಳಿ, ಪುನಃ ಮುಳುಗಿ ಎದ್ದರೆ ಅವಳಿಗೆ ರೊಟ್ಟಿ, ಪಾತ್ರೆ. ಅಲ್ಲಿಯವರೆಗೆ ಬಾಗಿಲ ಬದಿಯಲ್ಲಿ, ಚಪ್ಪಲಿ ಬಿಡುವಲ್ಲಿ ಹಾಕಿದ ಹರಕು ಚಾಪೆ. ಸಣ್ಣ ಮಕ್ಕಳ ಮಾತು ಬೇರೆ, ದೊಡ್ಡವರಲ್ಲಿ ರಕ್ಷಣೆ ಇಲ್ಲದವರಿಗೆ ಹಿಂದಿನ ಜಾಗದಲ್ಲಿ ಹೂಳುವ ಹಕ್ಕೂ ಇಲ್ಲ.

ಇದಾಗಿ ತಿಂಗಳು ತುಂಬಿರಲಿಲ್ಲ. ಹಿರಿಯರು ರಬ್ಬರು ಶೀಟು ಮಾರಲು ಪುತ್ತೂರಿಗೆ ಹೋದವರು ಕಳ್ಳಭಟ್ಟಿ ಕುಡಿದು ಬಂದರು. ಸಾರಾಯಿ ನಿಷೇಧವಿದ್ದ ಕಾಲ, ಎಲ್ಲಿ ಹುಡುಕಿದರೋ ದೇವರೇ ಬಲ್ಲ. ಬಂದವರು ಹೆಂಡತಿಯನ್ನು ಜಗಲಿಯಿಂದ ಕೆಳಗೆ ನೂಕಿದರು. ಆ ಅಮ್ಮನ ಕೈ ಮುರಿಯಿತು. ಭಾನುವಾರ ಹಿರಿಯರು ಸಭೆಯ ಮುಂದೆ ಮೊಣಕಾಲೂರಿ ಗೊಳೋ ಎಂದು ಅತ್ತರು. ಮೂಗಿನಿಂದ ನಸ್ಯದ ಕಂದು ನೀರು ಮೀಸೆಗೆ ಇಳಿಯಿತು. "ಬಿದ್ದೆ ಸಹೋದರರೇ, ಬಿದ್ದೆ. ಆದ್ರೆ ಬಿದ್ದ ಮಗ ಮಗ ಅಲ್ವಾ? ಅಪ್ಪ ಮನೆಯಿಂದ ಹೊರಗೆ ಹಾಕ್ತಾನಾ?" ಇಲ್ಲ ಇಲ್ಲ ಎಂದು ಗಂಡಸರೆಲ್ಲ ಆಮೆನ್ ಹೇಳಿದರು. ಆಮೇಲೆ ಪಾತ್ರೆ ಎತ್ತಿದರು. ಮೊದಲ ಗುಟುಕು ಅವರದೇ. ಆ ದಿನದ ದ್ರಾಕ್ಷಿ ಹಿಂಡಿದ್ದು ಅವರ ಹೆಂಡತಿ, ಬಿದಿರಿನ ದಬ್ಬೆ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ.

ಬಾಗಿಲ ಬದಿಯಿಂದ ದೊಡ್ಡಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಒಂದೇ ಬೋಧನೆ ಮಾರಾಯ್ರೆ! ಅವರು ಬಿದ್ದರೆ ಮಗ, ಇವಳು ಬಿದ್ದರೆ ಹುಟ್ಟಲೇ ಇಲ್ಲ.

ನನಗೆ ಬುದ್ಧಿ ಬಂದ ಮೇಲೆ ಎಷ್ಟೋ ಸಲ ಅವಳ ಮೇಲೆ ಹಾರಿಬಿದ್ದಿದ್ದೇನೆ. "ಒಂದು ಮಾತು ಹೇಳಿ ಬಿಡು ದೊಡ್ಡಮ್ಮ. ಅವರಿಗೆ ಬೇಕಾದ್ದು ಅಷ್ಟೇ ಅಲ್ವಾ? ಹೇಳಿದರೆ ನಿಂಗೆ ತಂಗಿಯ ಹತ್ತಿರ ಜಾಗ ಸಿಗ್ತದೆ."

ಅವಳು ಒಮ್ಮೆ ಮಾತ್ರ ಉತ್ತರ ಕೊಟ್ಟಳು, ಒಲೆಗೆ ಸೌದೆ ನೂಕುತ್ತಾ. "ಮೊದಲಿನದು ಸುಳ್ಳಂತ ಹೇಳಿದ್ರೆ ಮಗುವಿಗೆ ನಾನು ಹೇಳಿದ್ದು ಎಂತಾಗ್ತದೆ? ಗಟ್ಟಿಯಾ ಅಂತ ಕೇಳ್ತು ಅದು. ಗಟ್ಟಿ ಅಂತ ಹೇಳಿ ಕಳಿಸಿದ್ದೇನೆ. ಈಗ ಇಲ್ಲ ಅನ್ಲಿಕ್ಕೆ ನನಗೆ ಬಾಯಿ ಬರುದಿಲ್ಲ."

ಹೀಗೆ ವರ್ಷಗಳು ಹೋದವು. ದೊಡ್ಡಪ್ಪ ಗಂಡಸರ ಸಾಲಿನಲ್ಲಿ ಕೂತು ರೊಟ್ಟಿ ತಿಂದರು, ಪಾತ್ರೆಯಿಂದ ಕುಡಿದರು, ತಿರುಗಿ ಬಾಗಿಲ ಕಡೆ ನೋಡಲಿಲ್ಲ. ಅದೇ ಕೋಳಿಯನ್ನು ಚೀಪಿ ತಿಂದ ನನಗೂ ಹದಿನಾರಕ್ಕೆ ದೀಕ್ಷಾಸ್ನಾನವಾಯಿತು. ತಿಂದದ್ದು ರಕ್ಷಣೆಗೆ ಮುಂಚೆಯಾದ್ದರಿಂದ ಅದು ಲೆಕ್ಕಕ್ಕಿಲ್ಲವಂತೆ! ದೊಡ್ಡಮ್ಮ ಮಾತ್ರ ಒಂದು ಭಾನುವಾರವೂ ತಪ್ಪಿಸದೆ ಬಂದು, ಚಪ್ಪಲಿಗಳನ್ನು ಬದಿಗೆ ಸರಿಸಿ ಆ ಚಾಪೆಯ ಮೇಲೆ ಕೂರುತ್ತಿದ್ದಳು. ಪಾತ್ರೆ ಹೆಂಗಸರ ಕೊನೆಯ ಸಾಲಿಗೆ ಬಂದಾಗ ಅವಳ ಕತ್ತು ತಾನಾಗಿ ಉದ್ದವಾಗುತ್ತಿತ್ತು. ಪಾತ್ರೆ ಅಲ್ಲಿಂದಲೇ ಹಿಂದೆ ಹೋಗುತ್ತಿತ್ತು.

ಅರವತ್ತರ ದಶಕದಲ್ಲಿ, ನಾನು ಕಡಬದ ಬದಿಯ ಒಂದು ಶಾಲೆಯಲ್ಲಿ ಟೀಚರಾಗಿದ್ದಾಗ, ಅವಳು ಹಾಸಿಗೆ ಹಿಡಿದಳು. ಕಾಲು ಬಾತು, ಉಸಿರು ಕಟ್ಟುತ್ತಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದು ಹಿರಿಯರು ಬಂದರು. ಬಿಳಿ ಕರ್ಚೀಫಿನಲ್ಲಿ ರೊಟ್ಟಿಯ ತುಂಡು, ಸಣ್ಣ ಬಾಟ್ಲಿಯಲ್ಲಿ ರಸ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಅವಳಿಗೆ ಕಾಣುವ ಹಾಗೆ ಇಟ್ಟರು. ಅವರ ಮೈಯಿಂದ ರಬ್ಬರು ಹಾಲಿನ ಹುಳಿ ನಾತ.

"ಸಹೋದರಿ, ಇನ್ನೂ ಹೊತ್ತು ಮೀರಿಲ್ಲ. ಮೊದಲಿನದು ಸುಳ್ಳಾಗಿತ್ತು ಅಂತ ಒಂದು ಮಾತು ಹೇಳು. ಈ ಸ್ಥಿತಿಯಲ್ಲಿ ಹೊಳೆಗೆ ಇಳಿಸುದು ಬೇಡ. ಇಲ್ಲಿಯೇ ರೊಟ್ಟಿ ಕೊಡ್ತೇನೆ. ಮಗಳ ಹತ್ತಿರ ಮಲಗ್ಬಹುದು."

ದೊಡ್ಡಮ್ಮ ರೊಟ್ಟಿಯನ್ನೇ ನೋಡಿದಳು. ಆಮೇಲೆ ಅವರನ್ನು. "ಧನಿಗಳೇ, ನಿಮ್ಮದು ಯಾವಾಗ ಸುಳ್ಳಾಗಿತ್ತು?"

"ನನ್ನದಾ? ನನ್ನದು ಎಂತಕ್ಕೆ ಸುಳ್ಳಾಗ್ತದೆ?"

"ನಂದೂ ಹಾಗೆಯೇ. ಇಬ್ಬರೂ ಮುಳುಗಿದ್ದು ಒಂದೇ ನೀರಲ್ಲಿ ಅಲ್ವಾ?" ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಹಿರಿಯರು ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮರುದಿನ ಬೆಳಗಾಗುವಾಗ ಅವಳು ಹೋದಳು. ಕೊನೆಯವರೆಗೂ ನಾನು ಪಕ್ಕದಲ್ಲೇ ಇದ್ದೆ. ಹಿರಿಯರಿಗೆ ಕೊಟ್ಟ ಆ ಉತ್ತರದ ಮೇಲೆ ಅವಳು ಬಾಯಿ ತೆರೆದದ್ದು ನೀರಿಗೆ ಮಾತ್ರ.

ಜಾಗ ಕೇಳಲು ದೊಡ್ಡಪ್ಪ ಹಿರಿಯರ ಮನೆಗೆ ಹೊರಟರು. ನಾನೂ ಹೋದೆ, ಚೆನ್ನಾಗಿ ಉಗಿದು ಬರಬೇಕೆಂದೇ ಹೋದೆ. ಅಂಗಳದಲ್ಲಿ ನಿಂತು ದೊಡ್ಡಪ್ಪ ಮುಂಡಾಸಿನ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದರು. "ಧನಿಗಳೇ, ಅವಳು ಹೇಳಿದಳು. ಬೆಳಿಗ್ಗೆ ಹೇಳಿದಳು. ಮೊದಲಿನದು ಸುಳ್ಳಾಗಿತ್ತು, ಈಗ ನಂಬಿದೆ ಅಂತ."

ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಕಡೆ ತಿರುಗಿದರು. ಆ ಮುಖ ನೋಡಿ ನಾನು ಅವರ ಬೆನ್ನ ಹಿಂದೆ ಸರಿದೆ. ಹೆಂಡತಿಯನ್ನು ಮಗಳ ಹತ್ತಿರ ಮಲಗಿಸಲು ಆ ಮನುಷ್ಯನ ಕೈಯಲ್ಲಿ ಇದ್ದದ್ದು ಅದೊಂದೇ.

ಸಂಜೆ ಗುಂಡಿಯ ಬದಿಯಲ್ಲಿ ನಿಂತು ಹಿರಿಯರು ಸಾರಿದರು: ಇಷ್ಟು ವರ್ಷ ಸುಳ್ಳಿನಲ್ಲಿದ್ದ ಈ ಸಹೋದರಿ ಇವತ್ತು ಬೆಳಿಗ್ಗೆ ರಕ್ಷಣೆ ಹೊಂದಿದಳು, ನಮ್ಮ ಪ್ರಾರ್ಥನೆ ಗೆದ್ದಿತು. ಎಲ್ಲರೂ ಸಂತೋಷದಿಂದ ಹಾಡಿದರು. ಅವಳು ಸಾಯುವವರೆಗೆ ಹೇಳದ ಮಾತನ್ನು ಅವಳ ಹೆಣದ ಬಾಯಲ್ಲಿ ಇಟ್ಟು, ಅದರ ಮೇಲೆ ಹಾಡು! ನಾನು ಕಿವಿ ಮುಚ್ಚಿಕೊಂಡು ರಬ್ಬರು ಮರಗಳ ಹಿಂದೆ ಓಡಿದೆ.

ದೊಡ್ಡಪ್ಪ ಆ ವಾರ ಕೊಯಿಲಕ್ಕೆ ಹೋಗಲಿಲ್ಲ, ಊಟಕ್ಕೂ ಕೂರಲಿಲ್ಲ. ಶನಿವಾರ ನನ್ನನ್ನು ಕರೆದುಕೊಂಡು ಪುನಃ ಹಿರಿಯರ ಅಂಗಳಕ್ಕೆ ಹೋದರು. "ಧನಿಗಳೇ, ನಾನು ಹೇಳಿದ್ದು ಸುಳ್ಳು. ಅವಳು ಹೇಳಲಿಲ್ಲ. ನಾಳೆ ಸಭೆಯಲ್ಲಿ ಎಲ್ಲರಿಗೂ ಹೇಳ್ಬೇಕು. ನನಗೆ ತಡೆಯುದಿಲ್ಲ."

ಹಿರಿಯರು ಆಚೀಚೆ ನೋಡಿದರು. ಬೇರೆ ಯಾರೂ ಇಲ್ಲವೆಂದು ಗೊತ್ತಾದ ಮೇಲೆ ದೊಡ್ಡಪ್ಪನ ಹೆಗಲ ಮೇಲೆ ಕೈಹಾಕಿ, ಡಬ್ಬಿ ತೆಗೆದು ನಸ್ಯ ಏರಿಸಿ, ಸಣ್ಣ ಸ್ವರದಲ್ಲಿ ಹೇಳಿದರು. "ಬಿಡು ಮಾರಾಯ. ಹೂಳಿ ಆಯ್ತು, ಸಾಕ್ಷಿ ಹೇಳಿ ಆಯ್ತು. ಈಗ ಎದ್ದು ನಿಂತು ಅದನ್ನೆಲ್ಲ ಕೆದಕಿದರೆ ಸಭೆಗೇ ಅವಮಾನ. ನೀನು ರಕ್ಷಣೆ ಹೊಂದಿದವನು. ಒಂದು ಸುಳ್ಳಿಗೆಲ್ಲ ಅದು ಹೋಗುದಿಲ್ಲ. ಸುಮ್ಮನೆ ಇರು."

ನಾನು ಅವರ ಅಂಗಳಕ್ಕೆ ಉಗುಳಿದೆ. ಅವರ ಕಣ್ಣೆದುರೇ ಉಗುಳಿದೆ. "ಎಂತ ಟೀಚರ್ ಇದು?" ಎಂದರು. ದೊಡ್ಡಪ್ಪ ಆ ಕೈಯನ್ನು ಹೆಗಲಿಂದ ಮೆಲ್ಲಗೆ ತೆಗೆದು ಮನೆ ಕಡೆ ನಡೆದರು.

ಮರುದಿನ ಭಾನುವಾರ ನಾನು ಸಭೆಗೆ ಹೋದದ್ದು ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ. ಅದೇ ನನ್ನ ಕೊನೆಯ ಭಾನುವಾರ. ದೊಡ್ಡಪ್ಪ ಗಂಡಸರ ಸಾಲಿಗೆ ಹೋಗಲಿಲ್ಲ. ಬಾಗಿಲ ಬದಿಯಲ್ಲಿ ಚಪ್ಪಲಿಗಳನ್ನು ಸರಿಸಿ, ದೊಡ್ಡಮ್ಮನ ಹರಕು ಚಾಪೆಯ ಮೇಲೆ ಕೂತರು. ಹಾಡು ಅರ್ಧಕ್ಕೆ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಹಿರಿಯರು ಪಾತ್ರೆ ಹಿಡಿದುಕೊಂಡೇ ಮುಂದೆ ಬಾ, ಮುಂದೆ ಬಾ ಎಂದು ಕೈಮಾಡಿದರು.

ದೊಡ್ಡಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನನ್ನದು ಹೋಗುದಿಲ್ಲ ಅಂತ ನಿನ್ನೆ ನೀವೇ ಹೇಳಿದ್ರಲ್ಲ ಧನಿಗಳೇ? ಹಾಗಾದ್ರೆ ನಾನು ಎಲ್ಲಿ ಕೂತರೆ ಎಂತ? ಅವಳು ಕೂತಲ್ಲಿ ಕೂರ್ತೇನೆ."

ಸಾಯುವವರೆಗೂ ಅವರು ಅಲ್ಲಿಯೇ ಕೂತರು.